ಇನ್ಸ್‌ಪೆಕ್ಟರರ ಗಂಟಲು, ನರ್ಸಮ್ಮನ ಕುಡುಗೋಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆ ಕಡೆಯಿಂದ ಶುರು ಮಾಡಿದರೆ ನಡುದಾರಿಯಲ್ಲಿ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ತೂಬಗೆರೆಯ ಆಚೆ, ಬೆಟ್ಟದ ಬುಡದ ಒಂದು ಹಳ್ಳಿಯ ಜನ ಪ್ಲೇಗಿನ ಕಾಲದಲ್ಲಿ ಹೊಲದ ಜೋಪಡಿಗಳನ್ನೂ ಬಿಟ್ಟು ಓಡಿಹೋದರಲ್ಲ, ಅವರನ್ನು ಓಡಿಸಿದವನು ನಾನು. ಕೈಯಲ್ಲಿ ಬೆತ್ತವಿರಲಿಲ್ಲ, ತಲೆಯ ಮೇಲೆ ಟೋಪಿ ಇರಲಿಲ್ಲ. ಹೆಲ್ತ್ ಇನ್ಸ್‌ಪೆಕ್ಟರರ ಧ್ವನಿಯೊಂದು ನನ್ನ ಗಂಟಲಲ್ಲಿತ್ತು, ಅಷ್ಟೇ.

ಆಗ ನಾನು ಮಿಷನ್ ಆಸ್ಪತ್ರೆಯಲ್ಲಿ ಕಾಂಪೌಂಡರ್. ಮಿಕ್ಸ್‌ಚರ್ ಕಲಸುವುದರಲ್ಲಿ ಸಾಧಾರಣ, ಕಂಡವರ ಹಾಗೆ ಮಾತಾಡುವುದರಲ್ಲಿ ಎತ್ತಿದ ಕೈ. ಚರ್ಚಿನ ಅಯ್ಯನವರು ಪ್ರಸಂಗದ ನಡುವೆ ಮರೆತ ಮಾತನ್ನು ಕೆಮ್ಮಿನಲ್ಲಿ ಮುಚ್ಚುವುದು, ದೊರೆಸಾನಿ ಡಾಕ್ಟರು ಕನ್ನಡವನ್ನು ಬಿಸಿ ಗೆಣಸಿನಂತೆ ಬಾಯಲ್ಲಿ ಹೊರಳಿಸುವುದು, ಎಲ್ಲವೂ ನನಗೆ ಬರುತ್ತಿತ್ತು. ಗುಡ್ ಫ್ರೈಡೇಗೆ ಮುಂಚೆ ಸಭೆಯ ಹುಡುಗರು ಆಡಿದ ನಾಟಕದಲ್ಲಿ, ಗುರುವೇ ಬಗ್ಗಿ ಶಿಷ್ಯರ ಕಾಲು ತೊಳೆಯಲು ಬಂದಾಗ ಒಲ್ಲೆನೆಂದು ಹಟ ಹಿಡಿಯುವ ಶಿಷ್ಯ ನಾನೇ. ಎರಡು ಸಲ ಚಪ್ಪಾಳೆ ಬಿತ್ತು. ಆ ಕತೆಯ ಅರ್ಥ ಮಾತ್ರ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ದೊಡ್ಡವರ ದೊಡ್ಡಸ್ತಿಕೆಯೆಲ್ಲ ಅವರ ಧ್ವನಿಯಲ್ಲೇ ಇದೆ, ಅದನ್ನು ಹಿಡಿದರೆ ಮಿಕ್ಕಿದ್ದೆಲ್ಲ ಹಿಂದೆ ಬರುತ್ತದೆ ಎಂದು ನಂಬಿದ್ದೆ.

ಯುದ್ಧ ನಡೆಯುತ್ತಿದ್ದ ಕಾಲ. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ನಾವೇ ಇಳಿದು ತಳ್ಳುತ್ತಿದ್ದೆವು. ಆ ಚಳಿಗಾಲ ಬೆಟ್ಟದ ಬುಡದ ಹಳ್ಳಿಯಲ್ಲಿ ಇಲಿ ಬಿದ್ದವೆಂದು ಸುದ್ದಿ ಬಂತು. ಸೂರಿನಿಂದ ಇಲಿಗಳು ಉದುರಿ ಸತ್ತರೆ ಊರವರು ಯಾರ ಅಪ್ಪಣೆಗೂ ಕಾಯುವುದಿಲ್ಲ. ಮನೆಗೆ ಬೀಗ ಹಾಕಿ, ಹೊಲದಲ್ಲಿ ಸೋಗೆಯ ಜೋಪಡಿ ಹಾಕಿಕೊಂಡು, ಮಾರಿ ತಣ್ಣಗಾಗುವವರೆಗೆ ಅಲ್ಲೇ ಇರುತ್ತಾರೆ. ಇವರೂ ಹಾಗೇ ಮಾಡಿದ್ದರು. ಅವರಿಗೆ ಪ್ಲೇಗಿನ ಚುಚ್ಚುಮದ್ದು ಹಾಕಿ ಬರಬೇಕೆಂದು ದೊರೆಸಾನಿ ಡಾಕ್ಟರು ನಮ್ಮಿಬ್ಬರನ್ನು ಕಳಿಸಿದರು.

ನಮ್ಮಿಬ್ಬರಲ್ಲಿ ಇನ್ನೊಬ್ಬರು ನರ್ಸಮ್ಮ. ನಲವತ್ತು ದಾಟಿದ ವಿಧವೆ, ಬೆಂಗಳೂರು ದಂಡಿನಲ್ಲಿ ಹುಟ್ಟಿ ಬೆಳೆದವರು, ಸಣ್ಣ ದನಿ. ನಾನು ಎಲ್ಲರನ್ನೂ ಅನುಕರಿಸಿದ್ದೆ, ಅವರನ್ನು ಬಿಟ್ಟು. ಹಿಡಿದುಕೊಳ್ಳಲು ಅವರಲ್ಲಿ ಏನೂ ಸಿಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ಮೊಹರಿನ ಕಾಗದವನ್ನು ಅವರು ಪೆಟ್ಟಿಗೆಯ ತಳಕ್ಕೆ ಹಾಕಿ, ಮೇಲೆ ಹತ್ತಿ ಸುತ್ತಿಟ್ಟರು.

"ಅದನ್ನ ಮೇಲಿಡಿ ಸಿಸ್ಟರ್, ತೋರಿಸಬೇಕಾಗತ್ತೆ" ಎಂದೆ.

"ಓದಕ್ಕೆ ಬರೋರು ಯಾರಿದ್ದಾರೋ ಅಲ್ಲಿ?" ಎಂದರು.

ದೊಡ್ಡಬಳ್ಳಾಪುರದಿಂದ ನಮ್ಮನ್ನು ಕರೆದೊಯ್ದದ್ದು ಒಬ್ಬ ಸಾಬರ ಎತ್ತಿನ ಗಾಡಿ. ಮದ್ದಿನ ಬಾಟಲಿಗಳು ಬಿಸಿಲಿಗೆ ಕೆಡದಂತೆ ಮರಳು ತುಂಬಿದ ಮಡಕೆಯಲ್ಲಿ ಹೂತು, ಮೇಲೆ ಒದ್ದೆ ಗೋಣಿ ಕಟ್ಟಿದ್ದೆವು. ಸ್ಪಿರಿಟ್ಟು ಸಿಗುತ್ತಿರಲಿಲ್ಲವಾಗಿ ಸಿರಿಂಜು ಕುದಿಸಲು ಮೂರು ಕಲ್ಲಿನ ಒಲೆಯೇ ಗತಿ. ಸೂಜಿಗಳು ಆರು. ಹತ್ತಾರು ತೋಳು ಚುಚ್ಚಿದ ಮೇಲೆ ಮೊನೆ ಮೊಂಡಾಗುತ್ತಿತ್ತು, ಮಸೆಗಲ್ಲಿನ ಮೇಲೆ ಎಣ್ಣೆ ಬಿಟ್ಟು ಉಜ್ಜಿ ಮತ್ತೆ ಕುದಿಸಬೇಕು. ಇಂಥ ಕೆಲಸ ನನ್ನದು. ಜನರನ್ನು ಮಾತಾಡಿಸುವುದು ನರ್ಸಮ್ಮನದು.

ಮೊದಲ ದಿನ ಬೆಳಗಿನಿಂದ ಮಧ್ಯಾಹ್ನದವರೆಗೂ ನರ್ಸಮ್ಮ ಜೋಪಡಿಯಿಂದ ಜೋಪಡಿಗೆ ನಡೆದರು. ಎಲ್ಲೆಡೆಯೂ ತಟ್ಟಿ ಬಾಗಿಲು ಮುಚ್ಚಿತ್ತು. ಇನ್ಸ್‌ಪೆಕ್ಟರರು ಎರಡು ವರ್ಷದ ಹಿಂದೆ ಇದೇ ಹೋಬಳಿಯಲ್ಲಿ ಪ್ಲೇಗು ತಡೆಯಲು ಹಂಚು ಕೀಳಿಸಿ, ಸೋಗೆಗೆ ಬೆಂಕಿ ಇಡಿಸಿ, ಜ್ವರ ಬಂದವರನ್ನು ದೂರದ ಶೆಡ್ಡಿಗೆ ಎಳೆಸಿದ್ದರು. ಅವರ ಲೆಕ್ಕದಲ್ಲಿ ಅದು ಸರಿಯೇ ಇದ್ದಿರಬಹುದು. ಆದರೆ ಪೆಟ್ಟಿಗೆ ಹಿಡಿದು ಯಾರು ಬಂದರೂ ಆ ಜನಕ್ಕೆ ಆ ಬೆಂಕಿಯೇ ಕಾಣುತ್ತಿತ್ತು.

ನರ್ಸಮ್ಮ ನೀರು ತರಲೆಂದು ಗಾಡಿಯಲ್ಲಿ ಕೆರೆಯ ಕಡೆ ಹೋದರು. ನಾನು ಹುಲ್ಲಿನ ಮೆದೆಯ ಮರೆಯಲ್ಲಿ ಒಬ್ಬನೇ. ಹಸಿದಿದ್ದೆ, ಬೇಜಾರಾಗಿದ್ದೆ. ಒಂದು ಸಣ್ಣ ಯೋಚನೆ ಬಂತು. ಗಂಟಲು ಸರಿಮಾಡಿಕೊಂಡೆ. ಇನ್ಸ್‌ಪೆಕ್ಟರರು ಆಸ್ಪತ್ರೆಗೆ ಬಂದಾಗ ಗಮನಿಸಿದ್ದೆ, ಮಾತಿಗೆ ಮುಂಚೆ ಎರಡು ಸಲ ಮೂಗಿನಲ್ಲಿ ಗಾಳಿ ಬಿಡುತ್ತಾರೆ, ಕೊನೆಯ ಅಕ್ಷರವನ್ನು ಬಾಗಿಲು ಬಡಿದಂತೆ ಮುಗಿಸುತ್ತಾರೆ. ಎರಡನ್ನೂ ಮಾಡಿದೆ.

"ಎಲ್ಲಾ ಹೊರಗೆ ಬರ್ರೀ! ಸರ್ಕಾರದ ಹುಕುಂ! ಬರದೇ ಹೋದ್ರೆ ಒಂದೊಂದು ಜೋಪಡಿಗೂ ಬೆಂಕಿ ಇಡಿಸ್ತೀನಿ!"

ಜನ ಸಾಲಾಗಿ ನಿಲ್ಲುತ್ತಾರೆ, ನರ್ಸಮ್ಮ ಹಿಂತಿರುಗಿ ಬಂದು ಆಶ್ಚರ್ಯಪಡುತ್ತಾರೆ, ನಾನು ಮುಗುಳ್ನಗುತ್ತೇನೆ ಎಂದುಕೊಂಡಿದ್ದೆ. ಜೋಪಡಿಗಳ ಹಿಂಬದಿಯ ಸೋಗೆಗಳು ಸರಸರ ಎಂದವು. ಮೆದೆಯ ಪಕ್ಕದಿಂದ ಇಣುಕಿ ನೋಡಿದರೆ ಇಡೀ ಊರು ಹುರುಳಿ ಹೊಲ ಹಾಯ್ದು ತೋಪಿನ ಕಡೆ ಓಡುತ್ತಿತ್ತು. ಬಗಲಲ್ಲಿ ಕೋಳಿ, ತಲೆಯ ಮೇಲೆ ಮಡಕೆ. ಎಲ್ಲರ ಹಿಂದೆ ನಾಲ್ಕು ಜನ ಒಂದು ಮಂಚವನ್ನು ಹೊತ್ತು ಎಡವುತ್ತ ಹೋಗುತ್ತಿದ್ದರು. ಮಂಚದ ಮೇಲೆ ಕಂಬಳಿ. ಕಂಬಳಿಯ ತುದಿಯಲ್ಲಿ ಎರಡು ಪಾದಗಳು ಹೊರಗಿದ್ದವು, ಕಾಲುಂಗುರ ಬಿಸಿಲಿಗೆ ಹೊಳೆಯುತ್ತಿತ್ತು. ಮಂಚ ಕುಲುಕಿದ ಹಾಗೆ ಆ ಪಾದಗಳೂ ಕುಲುಕುತ್ತಿದ್ದವು. ಎಚ್ಚರ ಇರುವವರ ಪಾದ ಹಾಗೆ ಕುಲುಕುವುದಿಲ್ಲ.

ನರ್ಸಮ್ಮ ಬಂದು ಖಾಲಿ ಜೋಪಡಿಗಳನ್ನು ನೋಡಿ, "ಏನಾಯ್ತೋ?" ಎಂದರು.

"ಗೊತ್ತಿಲ್ಲ ಸಿಸ್ಟರ್. ಏನೋ ಸದ್ದಾಯ್ತು, ಓಡಿದ್ರು" ಎಂದೆ. ಅದನ್ನು ನನ್ನ ಸ್ವಂತ ಧ್ವನಿಯಲ್ಲೇ ಹೇಳಿದೆ ಎಂಬುದನ್ನು ಇಲ್ಲಿ ಬರೆದಿಡಬೇಕು.

ಸುಳ್ಳು ಒಂದು ದಿನವೂ ಬಾಳಲಿಲ್ಲ. ಮರುದಿನ ಬೆಳಗ್ಗೆ ನಾವು ಇಳಿದುಕೊಂಡಿದ್ದ ಪಕ್ಕದೂರಿನ ಶಾಲೆಯ ಜಗಲಿಯ ಮೇಲೆ ಗಾಡಿ ಸಾಬರು ಎತ್ತಿನ ಹಗ್ಗ ಹೊಸೆಯುತ್ತ, "ಕ್ಯಾ ಭಾಯಿ, ನಿನ್ನೆ ಇನಿಸ್‌ಪೆಟ್ಟರ್ ಸಾಹೇಬ್ರು ಬಂದಿದ್ರಂತೆ? ಕುದುರೆ ಇಲ್ಲ, ಸೈಕಲ್ ಇಲ್ಲ, ಧೂಳೂ ಏಳ್ಲಿಲ್ಲ. ಆಸ್ಮಾನ್‌ನಿಂದ ಇಳಿದ್ರಾ?" ಎಂದರು. ಅವರು ನನ್ನ ಮಾತಿನ ಆಟಗಳನ್ನು ದಾರಿಯುದ್ದಕ್ಕೂ ಕೇಳಿ ನಕ್ಕವರು. ಈಗ ನಗುತ್ತಿರಲಿಲ್ಲ.

ನರ್ಸಮ್ಮ ನನ್ನನ್ನು ನೋಡಿದರು. ನಾನು ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತೆ, ಅದಕ್ಕೊಂದು ಉತ್ತರವೂ ಸಿದ್ಧವಿತ್ತು. ಅವರು ಕೇಳಿದ್ದು ಒಂದೇ ಮಾತು.

"ಓಡೋವಾಗ ಯಾರಾದ್ರೂ ಕಾಯಿಲೆಯವರು ಕಂಡ್ರಾ?"

ಪಾದಗಳ ವಿಷಯ ಹೇಳಿದೆ. ಅವರು ಜಗಲಿಯ ಮೇಲೆ ಕೂತುಬಿಟ್ಟರು. ಪ್ಲೇಗಿಗೆ ಆಗಷ್ಟೇ ಸಲ್ಫಾ ಮಾತ್ರೆ ಕೊಡತೊಡಗಿದ್ದರು. ಯುದ್ಧದ ದೆಸೆಯಿಂದ ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಒಬ್ಬರಿಗೆ ಸಾಲುವಷ್ಟು. ಜ್ವರದ ಮೊದಲ ದಿನಗಳಲ್ಲೇ ಕೊಟ್ಟರೆ ಉಂಟು, ತಡವಾದರೆ ಇಲ್ಲ.

ಕಟ್ಟಳೆಯ ಪ್ರಕಾರ ಮಾಡಬೇಕಾದದ್ದು ಇನ್ಸ್‌ಪೆಕ್ಟರರಿಗೆ ವರದಿ. ಅವರು ಪೇದೆಗಳೊಂದಿಗೆ ಬಂದು ತೋಪು ಸುತ್ತುವರಿದು ಮಂಚವನ್ನು ಹುಡುಕುತ್ತಾರೆ. ನಾನು ಅದನ್ನೇ ಹೇಳಿದೆ, ತಪ್ಪು ಮಾಡಿದವರಿಗೆ ಕಟ್ಟಳೆಯ ಮೇಲೆ ಬರುವ ಹೊಸ ಪ್ರೀತಿಯಿಂದ.

"ಅವರು ಬಂದ್ರೆ ಇವರು ಬೆಟ್ಟ ಹತ್ತುತ್ತಾರೆ" ಎಂದರು ನರ್ಸಮ್ಮ. "ಇನ್ನಷ್ಟು ದೂರ, ಅದೇ ಮಂಚ ಹೊತ್ಕೊಂಡು."

ಕಣ್ಣು ಮುಚ್ಚಿ ಕೂತರು. ಅವರ ಪ್ರಾರ್ಥನೆಯಲ್ಲಿ ಮಾತು ಕಡಿಮೆ. ಎದ್ದವರೇ ಡಾಕ್ಟರಿಗೆ ಒಂದು ಚೀಟಿ ಬರೆದರು: ಜನ ಓಡಿದ್ದಾರೆ, ತಪ್ಪು ನಮ್ಮ ಕಡೆಯದು, ಒಬ್ಬರಿಗೆ ಕಾಯಿಲೆ ಇದ್ದಂತಿದೆ, ಇನ್ಸ್‌ಪೆಕ್ಟರರಿಗೆ ಈಗಲೇ ತಿಳಿಸುತ್ತಿಲ್ಲ, ಅದರ ಹೊಣೆ ನನ್ನದು. 'ತಪ್ಪು ನಮ್ಮ ಕಡೆಯದು' ಎಂದು ಬರೆದಿದ್ದರು, ನನ್ನ ಹೆಸರು ಬರೆದಿರಲಿಲ್ಲ. ಚೀಟಿಯನ್ನು ತಪಾಲಿನವನ ಕೈಗೆ ಕೊಟ್ಟು, ಶಾಲೆಯ ಪಕ್ಕದ ಮನೆಯಿಂದ ಎರಡು ಕುಡುಗೋಲು ಕೇಳಿ ತಂದರು.

"ಇದ್ಯಾಕೆ ಸಿಸ್ಟರ್?"

"ಅವರ ರಾಗಿ ಅರ್ಧ ಕುಯ್ದು ಬಿಟ್ಟು ಓಡಿದ್ದಾರೆ. ಮೋಡ ನೋಡು."

ಪೂರ್ವದಲ್ಲಿ ನಿಜಕ್ಕೂ ಮೋಡ ಕಟ್ಟಿತ್ತು. ಒಣಗಿ ನಿಂತ ರಾಗಿಗೆ ಆ ಕಾಲದಲ್ಲಿ ಮಳೆ ಬಿದ್ದರೆ ತೆನೆ ಕಪ್ಪಾಗಿ ಅಲ್ಲೇ ಮೊಳೆಯುತ್ತದೆ.

"ನಾವು ಸೂಜಿ ಚುಚ್ಚಕ್ಕೆ ಬಂದಿದೀವಿ, ರಾಗಿ ಕುಯ್ಯೋಕಲ್ಲ. ಅವರನ್ನ ಕರೆಯೋದು ಹೇಗೆ ಅಂತ ಯೋಚನೆ ಮಾಡ್ಬೇಕು."

"ನೀನು ಕರೆದೆಯಲ್ಲಪ್ಪ ನಿನ್ನೆ" ಎಂದರು.

ನಾನು ಒಂದು ಕುಡುಗೋಲು ಎತ್ತಿಕೊಂಡೆ.

ಅಂದೇ, ಮಂಜು ಆರುವ ಮುಂಚೆ, ಹೊಲಕ್ಕಿಳಿದೆವು. ದಂಡಿನಲ್ಲಿ ಹುಟ್ಟಿದ ನರ್ಸಮ್ಮನಿಗೆ ಕುಯ್ಯುವುದು ಬರುತ್ತಿರಲಿಲ್ಲ. ನನಗೆ ಬರುತ್ತದೆಂದು ನಾನು ತಿಳಿದುಕೊಂಡಿದ್ದೆ. ನಮ್ಮಪ್ಪ ಇದೇ ತಾಲ್ಲೂಕಿನ ಮಧುರೆ ಕಡೆಯವರು, ಚರ್ಚಿನ ಉಪದೇಶಿಯಾಗುವ ಮುಂಚೆ ಆರಂಬಗಾರರು. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಕುಯ್ಲು ನೋಡಿದ್ದೆ. ನೋಡಿದ್ದೆ, ಅಷ್ಟೇ. ಎಡಗೈಯಲ್ಲಿ ಹಿಡಿ ಹಿಡಿದು ಬುಡಕ್ಕೆ ಕುಡುಗೋಲು ಹಾಕಿ ಎಳೆಯಬೇಕು, ಕುಯ್ದ ಹಿಡಿಗಳನ್ನು ತೆನೆ ಒಂದೇ ಕಡೆ ಬರುವಂತೆ ನೆಲದ ಮೇಲೆ ಹರಡಬೇಕು. ಒಂದು ಗಂಟೆಯಲ್ಲಿ ಸೊಂಟ ನನ್ನದಾಗಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ತೋಪಿನ ಕಡೆಯಿಂದ ಒಬ್ಬ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಹೊಲ ಅವಳದು ಎಂದು ನಡಿಗೆಯಲ್ಲೇ ತಿಳಿಯುತ್ತಿತ್ತು.

"ಯಾರ್ಲಾ ಅದು? ಅಗಲೊತ್ತಲ್ಲೇ ಕಳ್ತನಕ್ ಬಂದ್ರಾ?"

"ಕಳ್ಳರಲ್ಲಮ್ಮ" ಎಂದರು ನರ್ಸಮ್ಮ, ಬೆನ್ನು ನೆಟ್ಟಗೆ ಮಾಡಲಾರದೆ. "ಮೋಡ ಆಗಿದೆ. ಅದಕ್ಕೆ ಕುಯ್ತಾ ಇದೀವಿ."

"ಯಾರ್ ಕರೆದ್ರು ನಿಮ್ನ?"

"ಯಾರೂ ಕರೀಲಿಲ್ಲ."

ಮುದುಕಿ ನರ್ಸಮ್ಮನ ಬಿಳಿ ಸೀರೆಯನ್ನೂ ಅಂಗೈಯ ಬೊಬ್ಬೆಯನ್ನೂ ನೋಡಿ ನನ್ನ ಕಡೆ ತಿರುಗಿದಳು. ನಾನು ಕುಯ್ದು ಹಾಕಿದ್ದರಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನ ಅವರೆ ಗಿಡಗಳೂ ಸೇರಿದ್ದವು. ರಾಗಿ ಹೊಲದ ನಡುನಡುವೆ ಸಾಲು ಬಿಟ್ಟು ಹಾಕಿದ ಅವರೆಗೆ ಆಗ ಹೂವಿನ ಕಾಲ. ರಾಗಿ ಮಾತ್ರ ಕುಯ್ದು ಅವರೆಯನ್ನು ನಿಲ್ಲಿಸಬೇಕೆಂದು ಹಾಲು ಕುಡಿಯುವ ಕೂಸಿಗೂ ಗೊತ್ತು.

"ಅಯ್ ನಿನ್ ಕೈ ಸೇದೋಗ! ಊವ ಬಿಟ್ಟಿರೋ ಅವರೆನೆಲ್ಲಾ ಬೋಳಿಸ್ಬುಟ್ಟಿದ್ದೀಯಲ್ಲೋ! ಕುಯ್ಲು ಮಾಡ್ತಿದ್ದೀಯೋ, ಕ್ಷೌರ ಮಾಡ್ತಿದ್ದೀಯೋ?"

ಆ ಬೈಗುಳವನ್ನು ಇಂದಿಗೂ ಅವಳ ಧ್ವನಿಯಲ್ಲೇ ಹೇಳಬಲ್ಲೆ, ಹೇಳುವುದಿಲ್ಲ. ಅವಳು ಹೊರಟುಹೋದಳು. ಸ್ವಲ್ಪ ಹೊತ್ತಿಗೆ ತನ್ನದೇ ಕುಡುಗೋಲು ತಂದು, ಹೊಲದ ಇನ್ನೊಂದು ತುದಿಯಿಂದ, ನಮಗೆ ಬೆನ್ನು ಹಾಕಿ ಕುಯ್ಯತೊಡಗಿದಳು.

ಸೂಜಿಯ ಮಾತೆತ್ತಲು ಇದೇ ಸಮಯ ಎಂದು ನಾನು ಬಾಯಿ ತೆರೆದೆ. ನರ್ಸಮ್ಮ ನನ್ನ ಪಾದದ ಮೇಲೆ ತಮ್ಮ ಪಾದ ಇಟ್ಟು ಒತ್ತಿದರು.

ಮೂರನೆಯ ದಿನ ಇನ್ನೂ ಮೂವರು ಹೆಂಗಸರು ತೋಪಿನಿಂದ ಇಳಿದು ಬಂದರು. ಮಧ್ಯಾಹ್ನ ಮುದುಕಿ ಮುದ್ದೆಯನ್ನೂ ಅವರೆಸೊಪ್ಪಿನ ಸಾರನ್ನೂ ತಂದು ಬದುವಿನ ಮೇಲೆ ನಮ್ಮ ಮುಂದಿಟ್ಟಳು. ನನ್ನ ಎಲೆಗೆ ಸಾರು ಬಿಡುತ್ತ, "ತಿನ್ನು, ನೀನೇ ಕಡ್ದಿದ್ ಸೊಪ್ಪು" ಎಂದಳು. ಆಮೇಲೆ ನರ್ಸಮ್ಮನಿಗೆ, "ನಿಮ್ ದ್ಯಾವ್ರು ಕುಯ್ಯೋಕ್ ಓಗು ಅಂತ ಯೋಳ್ದನಾ?"

"ನಮ್ಮ ದೇವರು ಮನುಷ್ಯರ ಕಾಲು ತೊಳೆದೋನಮ್ಮ" ಎಂದರು ನರ್ಸಮ್ಮ. "ಅವನ ಕೆಲಸದೋರು ಕುಡುಗೋಲು ಹಿಡಿದ್ರೆ ಏನು ಹೋಯ್ತು?"

ಮುದುಕಿ ಅದನ್ನು ಒಂದು ತುತ್ತಿನ ಹೊತ್ತು ಯೋಚಿಸಿದಳು. "ಆಗ್ಲಿ. ಎಲ್ಡ್ ದಿನ ದುಡ್ದಿದ್ದೀರ. ಮುಯ್ಯಾಳು ಯಾವಾಗ ಕಳಿಸ್ಬೇಕು, ಎಲ್ಗೆ ಕಳಿಸ್ಬೇಕು?"

ಇಲ್ಲಿ ತಪ್ಪು ಮಾಡಿದವರು ನರ್ಸಮ್ಮ. ಇದನ್ನು ಬರೆಯಲು ನನಗೆ ಸಣ್ಣ ಖುಷಿ, ನಾನೊಬ್ಬನೇ ಅಲ್ಲ ಎಂದು. "ಏನೂ ಬೇಡಮ್ಮ, ನಾವು ಸುಮ್ಮನೆ ಮಾಡಿದ್ದು" ಎಂದುಬಿಟ್ಟರು, ಪೂರ್ತಿ ವಿನಯದಿಂದ. ಮುದುಕಿಯ ಮುಖ ಕಲ್ಲಾಯಿತು. ಸಾರಿನ ಮಡಕೆ ಎತ್ತಿಕೊಂಡಳು.

"ಸುಮ್ಕೆ ದುಡಿಸ್ಕಳಕ್ಕೆ ನಾವೇನ್ ತಿರಿದ್ ತಿನ್ನೋರಾ?" ಎಂದು ನಡೆದೇ ಬಿಟ್ಟಳು. ಉಳಿದ ಹೆಂಗಸರೂ ಎದ್ದರು.

ನರ್ಸಮ್ಮ ದಿಕ್ಕು ತೋಚದೆ ನಿಂತರು. ದಂಡಿನವರಿಗೆ ಇದು ತಿಳಿಯದು. ನಮ್ಮ ಕಡೆ ಒಬ್ಬರ ಹೊಲದಲ್ಲಿ, ಅವರು ಕರೆಯದಿದ್ದರೂ, ನಾವು ಹೋಗಿ ದುಡಿದರೆ ಅಷ್ಟೇ ದಿನ ಅವರು ನಮ್ಮ ಹೊಲದಲ್ಲಿ ದುಡಿದು ಮುಯ್ಯಿ ತೀರಿಸುತ್ತಾರೆ. ಬೇಡ ಎಂದರೆ, ನೀನು ನನಗೆ ಸಮನಲ್ಲ ಎಂದ ಹಾಗೆ. ಅಜ್ಜಿಯ ಊರಿನಲ್ಲಿ ಇದನ್ನು ನೋಡಿದ್ದೆ. ಒಮ್ಮೆಯಾದರೂ ನನ್ನ ನೋಟ ಕೆಲಸಕ್ಕೆ ಬಂತು. ಮುದುಕಿಯ ಹಿಂದೆ ಓಡಿದೆ.

"ಅವ್ವಾ, ಅವರು ಪಟ್ಟಣದೋರು, ಗೊತ್ತಾಗ್ಲಿಲ್ಲ. ಅವರಿಗೆ ಹೊಲ ಇಲ್ಲ, ಆಳು ಎಲ್ಲಿಗೆ ಕಳಿಸ್ತೀರ? ಆದ್ರೆ ಅವರಿಗೆ ಬೇಕಾಗಿರೋದು ಒಂದಿದೆ."

"ಏನು?"

"ಮಂಚದ ಮೇಲಿರೋರ್ನ ನೋಡೋಕೆ ಬಿಡಿ."

ಅವಳ ಕಣ್ಣು ಸಣ್ಣದಾಯಿತು. "ಮಂಚ ನಿಂಗೆಂಗ್ ಗೊತ್ತು?"

"ಕಂಡೆ" ಎಂದೆ. ಎಲ್ಲಿಂದ ಕಂಡೆ, ಯಾಕೆ ಅಲ್ಲಿದ್ದೆ ಎಂದು ಹೇಳಲಿಲ್ಲ. ಅರ್ಧ ನಿಜ ಹೇಳಿ ನಿಂತೆ.

ತೋಪಿನೊಳಗೆ ಹುಣಸೆ ಮರದ ಕೆಳಗೆ ಮಂಚವಿತ್ತು. ಮಲಗಿದ್ದವಳು ಮುದುಕಿಯ ಸೊಸೆ. ಇಪ್ಪತ್ತು ವರ್ಷವೂ ಇರಲಾರದು. ಜ್ವರ ಬಂದು ಐದನೆಯ ದಿನ. ತೊಡೆಯ ಸಂದಿನಲ್ಲಿ ಗೆಡ್ಡೆ ಕೋಳಿಮೊಟ್ಟೆಯಷ್ಟಾಗಿತ್ತು, ಕಣ್ಣು ಕೆಂಡದಂತಿತ್ತು, ಮಾತು ತೊದಲುತ್ತಿತ್ತು. ನರ್ಸಮ್ಮ ಮಾತ್ರೆಗಳನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಚಮಚದಿಂದ ಕುಡಿಸಿದರು. ಪ್ರತಿ ನಾಲ್ಕು ಗಂಟೆಗೊಮ್ಮೆ. ನಾಡಿ ಹಿಡಿದು ಎಣಿಸಿದರು, ಮತ್ತೆ ಎಣಿಸಿದರು. ಆ ದಿನವೂ ಮರುದಿನವೂ ಅವರು ಮಂಚ ಬಿಟ್ಟು ಕದಲಲಿಲ್ಲ. ನಾನು ನೀರು ಕಾಯಿಸಿದೆ, ಬಟ್ಟೆ ಕುದಿಸಿದೆ, ಹೊಲಕ್ಕೆ ಹೋಗಿ ಕುಯ್ದೆ. ಯಾರನ್ನೂ ಅನುಕರಿಸಲಿಲ್ಲ. ಯಾರೂ ಕೇಳಲೂ ಇಲ್ಲ.

ನಾವು ಬಂದ ಐದನೆಯ ದಿನ ಬೆಳಕು ಹರಿದ ಮೇಲೆ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಮುದುಕಿ ಹುಣಸೆ ಮರದ ಬೇರಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ನರ್ಸಮ್ಮ. ನಾನು ಬರಿದಾದ ಮಂಚದ ಹಗ್ಗವನ್ನು ಕಾರ್ಬಾಲಿಕ್ ನೀರಿನಲ್ಲಿ ತೊಳೆಯುತ್ತಿದ್ದೆ.

"ನೀವು ಬಂದಿದ್ ಮೊದಲ್ನೇ ದಿನಾನೇ ಆ ಪುಡಿ ಕುಡಿಸಿದ್ರೆ ಉಳೀತಿದ್ಲಾ?" ಎಂದು ಮುದುಕಿ ಕೇಳಿದಳು.

ನರ್ಸಮ್ಮ ಸಮಾಧಾನದ ಮಾತು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿಲ್ಲಮ್ಮ. ಉಳಿಯೋ ದಾರಿ ಈಗಿನದಕ್ಕಿಂತ ಅಗಲ ಇರ್ತಿತ್ತು" ಎಂದರು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಬಚಾವಾಗುತ್ತಿದ್ದೆನೋ ಏನೋ.

ಕೈಯಲ್ಲಿದ್ದ ಕುಂಚ ಕೆಳಗಿಟ್ಟೆ. "ಅವ್ವಾ, ಆವತ್ತು ಬೆಂಕಿ ಇಡಿಸ್ತೀನಿ ಅಂದಿದ್ದು ಇನ್ಸ್‌ಪೆಕ್ಟರ್ ಅಲ್ಲ. ನಾನು."

ಅವಳು ತಲೆ ಕೊಡವಿದಳು. "ಸುಳ್ಳು. ಅದು ಅವುನ್ದೇ ದನಿ. ಮಾಡು, ಇನ್ನೊಂದ್ ಕಿತ ಮಾಡು ನೋಡಾನ."

ಬಾಯಿ ತೆರೆದೆ. ಮೂಗಿನಲ್ಲಿ ಎರಡು ಸಲ ಗಾಳಿ ಬಿಡಬೇಕು, ಅದೂ ಬರಲಿಲ್ಲ. ಎಲ್ಲಾ ಹೊರಗೆ ಬರ್ರೀ ಎಂದೆ. ನನ್ನದೇ ಧ್ವನಿ ಬಂತು, ಅದೂ ಒಡೆದು.

ಮುದುಕಿ ಎದ್ದು ಮರದ ಬುಡದಲ್ಲಿದ್ದ ಗಂಟಿನಿಂದ ಒಂದು ಕುಡುಗೋಲು ಎಳೆದಳು. ನಾನು ಹಿಂದೆ ಸರಿದೆನೆಂದು ಹೇಳಿದರೆ ನಗಬೇಡಿ. ಅವಳು ಅದರ ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದಳು. ಸಣ್ಣ ಕೈಗೆಂದು ಮಾಡಿದ ಹಿಡಿ, ಹಳೇ ಬಟ್ಟೆ ಸುತ್ತಿತ್ತು.

"ಅವಳ್ ಸಾಲು ಅಂಗೇ ಉಳ್ದದೆ. ಓಗಿ ಕುಯ್ಯಿ" ಎಂದಳು. "ಅವರೆ ಮುಟ್ಬ್ಯಾಡ."

ಕುಯ್ದೆ. ಒಂದು ಅವರೆ ಗಿಡವನ್ನೂ ಮುಟ್ಟಲಿಲ್ಲ. ಇದರಿಂದ ಏನಾದರೂ ತೀರಿತು ಎಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ. ಭಾನುವಾರ ಆರಾಧನೆಯಲ್ಲಿ ಪಾಪದ ಅರಿಕೆಯನ್ನು ಎಲ್ಲರ ಜೊತೆ ಸೇರಿ ಹೇಳುವುದು ಸುಲಭ. ಒಬ್ಬರ ಸಾಲಿನಲ್ಲಿ ಬಗ್ಗಿ ನಿಂತು ಹೇಳುವುದು ಬೇರೆ.

ಏಳನೆಯ ದಿನ, ಜನ ಒಬ್ಬೊಬ್ಬರಾಗಿ ಜೋಪಡಿಗಳಿಗೆ ಮರಳುತ್ತಿದ್ದಾಗ, ಮುದುಕಿ ಮಗನನ್ನೂ ಮತ್ತೊಬ್ಬ ಹೆಂಗಸನ್ನೂ ಕರೆದುಕೊಂಡು ನಮ್ಮ ಮೂರು ಕಲ್ಲಿನ ಒಲೆಯ ಮುಂದೆ ಬಂದು ನಿಂತಳು.

"ನಿನ್ ಪೆಟ್ಗೆ ತಗಿ ನರ್ಸವ್ವ. ಅದ್ರಾಗ್ ಏನದೆ, ಏನಾಯ್ತದೆ, ಯೋಳು."

ಮೊದಲ ದಿನ ನಾನು ನರ್ಸಮ್ಮನ ಹಿಂದೆ ನಿಂತು ಎಲ್ಲರಿಗೂ ಬಾಗಿಲಾಚೆಯಿಂದ 'ಇರುವೆ ಕಚ್ಚಿದ ಹಾಗೆ, ಅಷ್ಟೇ' ಎಂದು ಸಾರಿದ್ದೆ. ನರ್ಸಮ್ಮ ಬೇರೆ ಹೇಳಿದರು. ತೋಳು ಊದುತ್ತದೆ. ಸಂಜೆಗೆ ಚಳಿ, ಆಮೇಲೆ ಜ್ವರ. ಎರಡು ದಿನ ಕುಡುಗೋಲು ಹಿಡಿಯಲು ಆಗುವುದಿಲ್ಲ. ಮೂರನೆಯ ದಿನ ಇಳಿಯುತ್ತದೆ. ಚುಚ್ಚಿಸಿಕೊಂಡವರಿಗೆಲ್ಲ ಪ್ಲೇಗು ಬರುವುದೇ ಇಲ್ಲ ಎಂದು ಆಣೆ ಇಡಲಾರೆ, ಬಂದರೂ ಬದುಕುವವರು ಹೆಚ್ಚು. ಒಂದು ಮನೆಯವರೆಲ್ಲ ಒಂದೇ ದಿನ ಬೇಡ, ಅರ್ಧ ಇವತ್ತು, ಅರ್ಧ ಮೂರು ದಿನ ಬಿಟ್ಟು. ಮಲಗಿದವರ ಸಾಲು ನಾವು ಕುಯ್ಯುತ್ತೇವೆ.

"ನಾವು ಅಂದ್ರೆ?" ಎಂದಳು ಮುದುಕಿ, ನನ್ನ ಸೊಂಟದ ಕಡೆ ನೋಡುತ್ತ.

"ನಾನೂ ಇದೀನಿ ಅಮ್ಮಾ" ಎಂದು ಗಾಡಿ ಸಾಬರು ಮುಂಡಾಸು ಬಿಗಿದರು. "ಈ ಭಾಯಿ ಕುಯ್ದ್ರೆ ಸಂಕ್ರಾಂತಿ ದಾಟತ್ತೆ."

ಮುದುಕಿ ಎಡತೋಳು ಚಾಚಿದಳು. ನಾನು ಬಾಟಲಿ ಕುಲುಕಿ ಕೊಟ್ಟೆ, ತಳದಲ್ಲಿ ಕೂತ ಮದ್ದು ಸರಿಯಾಗಿ ಬೆರೆಯಬೇಕು. ನರ್ಸಮ್ಮ ಅಯೋಡಿನ್ ಹಚ್ಚಿ ಚುಚ್ಚಿದರು. ಸೂಜಿ ಮೊಂಡಾಗಿತ್ತು, ಮುದುಕಿ ಹಲ್ಲು ಕಚ್ಚಿದಳು. "ಇರುವೆ ಅಂತೆ!" ಎಂದು ನನ್ನತ್ತ ಉಗಿದಳು. ಮಸೆಗಲ್ಲು ಹುಡುಕಿಕೊಂಡು ಹೋದೆ.

ಸಂಜೆ ಬಿಸಿಲಿರುವಾಗಲೇ ಅವಳ ಜೋಪಡಿಯಿಂದ ಕೂಗು ಕೇಳಿಸಿತು. ಕೈಲಿದ್ದದ್ದು ಬಿಟ್ಟು ಅತ್ತ ಧಾವಿಸಿದೆವು.

"ಬಂತು ಕಣ್ರಲಾ! ನರ್ಸವ್ವ ಯೋಳ್ದಂಗೇ ಬಂತು! ಮೊದ್ಲು ಚಳಿ, ಈಗ ಜರ!"

ಹೇಳಿದ ಹಾಗೆಯೇ ಬಂದ ಜ್ವರಕ್ಕೆ ಯಾರೂ ಓಡಲಿಲ್ಲ. ಹೇಳಿದ ಹಾಗೆಯೇ ಮೂರನೆಯ ದಿನ ಇಳಿಯಿತು. ಅಷ್ಟರಲ್ಲಿ ಐದು ಮನೆಯ ಅರ್ಧರ್ಧ ಜನ ಬಂದಿದ್ದರು. ಒಂದು ಸೂಜಿ ಒಬ್ಬ ಗಟ್ಟಿ ತೋಳಿನವನಲ್ಲಿ ಮುರಿಯಿತು, ಅದನ್ನು ಕೀಳುವ ಹೊತ್ತಿಗೆ ಅವನಿಗಿಂತ ನಾನು ಹೆಚ್ಚು ಬೆವರಿದ್ದೆ. ಹತ್ತನೆಯ ದಿನ ಎರಡು ಹನಿ ಬಿದ್ದು ಮೋಡ ಚದುರಿತು, ರಾಗಿ ಅಷ್ಟು ಹೊತ್ತಿಗೆ ಮೆದೆಯಾಗಿತ್ತು. ಎರಡು ಸಂಸಾರ ಕೊನೆಗೂ ತೋಳು ಕೊಡಲಿಲ್ಲ. ನರ್ಸಮ್ಮ ಅವರ ಸಾಲನ್ನೂ ಕುಯ್ದರು. ಯಾಕೆ ಎಂದು ಕೇಳಿದೆ. "ಅವರ ರಾಗೀಗೂ ಮಳೆ ಬೀಳ್ತಿತ್ತಲ್ಲೋ" ಎಂದರು.

ಹದಿನಾಲ್ಕನೆಯ ದಿನ ನಾವು ಪೆಟ್ಟಿಗೆ ಕಟ್ಟುತ್ತಿರುವಾಗ ಇನ್ಸ್‌ಪೆಕ್ಟರರು ಬಂದರು. ಕುದುರೆಯ ಮೇಲೆ, ಇಬ್ಬರು ಪೇದೆಗಳೊಂದಿಗೆ, ಧೂಳೆಬ್ಬಿಸಿಕೊಂಡು. ಡಾಕ್ಟರಿಂದ ವಿಷಯ ತಡವಾಗಿ ತಲುಪಿತ್ತು. ಆದರೆ ಅವರ ಸಿಟ್ಟು ಅದಕ್ಕಲ್ಲ. ಜನ ತೋಳು ತೋರಿಸಿದರು, ಅವರು ಪಟ್ಟಿ ನೋಡಿ ತಲೆಯಾಡಿಸಿದರು. ಆಮೇಲೆ ಬೆತ್ತವನ್ನು ನೆಲಕ್ಕೆ ಊರಿದರು.

"ದೊಡ್ಡಬಳ್ಳಾಪುರದ ಸಂತೆಯಲ್ಲಿ ಮಾತಾಡ್ಕೋತಾ ಇದ್ದಾರೆ. ನಾನು ಇಲ್ಲಿಗೆ ಬಂದು ಬೆಂಕಿ ಇಡಿಸ್ತೀನಿ ಅಂದೆನಂತೆ, ಓಡೋ ಗಲಾಟೆಯಲ್ಲಿ ಒಬ್ಬಳು ಹೆಂಗಸು ಸತ್ತಳಂತೆ. ಆವತ್ತು ನಾನು ದೇವನಹಳ್ಳಿಯಲ್ಲಿದ್ದೆ. ನನ್ನ ಹೆಸರಲ್ಲಿ ಕೂಗಿದವನು ಯಾರು?"

ಮೂಗಿನಲ್ಲಿ ಎರಡು ಸಲ ಗಾಳಿ ಬಿಟ್ಟರು. ನನಗೆ ಮೊದಲ ಬಾರಿ ಅದರಲ್ಲಿ ನಗು ಕಾಣಲಿಲ್ಲ. ಮಾಡದ ತಪ್ಪಿನ ಹೊರೆ ಹೊತ್ತು ಅಷ್ಟು ದೂರ ಬಂದಿದ್ದ ಮನುಷ್ಯ ಅವರು. ಕೂಗಿದವನು ನಾನೆಂದು ಅಷ್ಟರಲ್ಲಿ ಊರವರೆಲ್ಲರಿಗೂ ಗೊತ್ತಾಗಿತ್ತು. ಯಾರೂ ಬಾಯಿ ಬಿಡಲಿಲ್ಲ. ನರ್ಸಮ್ಮ ಮಡಕೆಯ ಬಾಯಿ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅವರ ನೋಟದಲ್ಲಿ ಅಪ್ಪಣೆ ಇರಲಿಲ್ಲ, ಎಂದೂ ಇರುತ್ತಿರಲಿಲ್ಲ. ನಾನು ಎದ್ದು ನಿಂತೆ. ಎರಡು ಹೆಜ್ಜೆ ಮುಂದಿಟ್ಟೆ. ಕೆಲಸ ಹೋಗುತ್ತದೆ, ಪೇದೆಗಳ ನಡುವೆ ಊರು ದಾಟಬೇಕಾಗುತ್ತದೆ, ಆಗಲಿ ಎಂದುಕೊಂಡೆ.

"ನಾನು ಸ್ವಾಮಿ" ಎಂದೆ.

ಇನ್ಸ್‌ಪೆಕ್ಟರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎರಡು ವಾರದ ಬಿಸಿಲಿಗೆ ಸುಟ್ಟ ಮುಖ, ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ಕೈತುಂಬ ಬೊಬ್ಬೆ, ಮೈಯೆಲ್ಲ ರಾಗಿ ಹೊಟ್ಟು.

"ಇವನಾ? ಈ ನರಪೇತಲನ ಕೂಗಿಗೆ ಇಡೀ ಊರು ಓಡಿತಾ?" ಎಂದು ಜನರ ಕಡೆ ತಿರುಗಿದರು. "ಯಾರನ್ನೋ ಮರೆಮಾಡೋಕೆ ಇವನನ್ನ ಮುಂದೆ ಬಿಟ್ಟಿದ್ದೀರಾ? ಇವನ ಮುಖಕ್ಕೂ ನನ್ನ ಮುಖಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ವಾ ನಿಮ್ಗೆ? ಕೂಗಿದವನ ಮುಖ ನೋಡಿದವರು ಯಾರಿದ್ದೀರಿ, ಮುಂದೆ ಬನ್ನಿ!"

ಮುದುಕಿ ನೋವು ಪೂರ್ತಿ ಇಳಿಯದ ಎಡತೋಳನ್ನು ಬಲಗೈಯಲ್ಲಿ ಆತುಕೊಂಡು ಮುಂದೆ ಬಂದಳು. ನನ್ನ ಪಕ್ಕ ನಿಂತಳು, ನನ್ನ ಕಡೆ ನೋಡಲಿಲ್ಲ. ಆ ಮಾತನ್ನು ನನ್ನನ್ನು ಉಳಿಸಲು ಆಡಿದಳೋ, ಇನ್ಸ್‌ಪೆಕ್ಟರರನ್ನೂ ನನ್ನನ್ನೂ ಸೇರಿಸಿ ಚುಚ್ಚಲು ಆಡಿದಳೋ, ನನಗೆ ಇಂದಿಗೂ ತಿಳಿದಿಲ್ಲ. ಇನ್ಸ್‌ಪೆಕ್ಟರರು ಮಾತ್ರ ಅದನ್ನು ಕೇಳಿ ಬೆತ್ತ ಕಂಕುಳಿಗೆ ಸೇರಿಸಿ, ಕುದುರೆ ಹತ್ತಿ ಹೊರಟುಹೋದರು. ಪೇದೆಗಳೂ ಹಿಂದೆ ಹೋದರು. ಆ ವಿಚಾರವನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವಳು ಅಂದದ್ದು ಇಷ್ಟೇ:

"ನಿಮ್ ದನಿ ಕೇಳುದ್ ಮ್ಯಾಕೆ ನಿಂತ್ಕಂಡು ಮಕ ನೋಡೋರು ಯಾರ್ ಸ್ವಾಮಿ?"